ರಾಮಗಿರಿಯಲ್ಲಿ ರಾಬಿನ್ ಎಂಬ ಹೆಸರಿನ ಹಾವಳಿ

೨ ಜೂನ್ ೧೯೯೭, ಸೋಮವಾರ

ಇಂದು ಬೆಳಿಗ್ಗೆ ಒಂದನೇ ತರಗತಿಯ ಹೊಸ ಹಾಜರಿ ಕೂಗುತ್ತ “ರಾಬಿನ್” ಎಂದೆ. ನಾಲ್ವರು ಎದ್ದು ನಿಂತರು. ಇಬ್ಬರಿಗೆ ಜಡೆ, ಇಬ್ಬರಿಗೆ ಚಡ್ಡಿ. ಇಪ್ಪತ್ತಾರು ಮಕ್ಕಳಲ್ಲಿ ನಾಲ್ವರು! ರಾಮಗಿರಿಯ ಚರಿತ್ರೆಯಲ್ಲಿ ಹಿಂದೆಂದೂ ನಡೆಯದ ಈ ಘಟನೆಯನ್ನು ದಾಖಲಿಸುವುದು ಮುಖ್ಯೋಪಾಧ್ಯಾಯ ತಿಪ್ಪೇರುದ್ರಪ್ಪನಾದ ನನ್ನ ಕರ್ತವ್ಯವೆಂದು ಭಾವಿಸಿ ಈ ದಿನಚರಿಯನ್ನು ಪುನಃ ಆರಂಭಿಸಿದ್ದೇನೆ. (ಹಿಂದಿನ ಬರವಣಿಗೆ ೧೯೮೯ರ ಜನವರಿ ನಾಲ್ಕಕ್ಕೆ ನಿಂತಿದೆ. ಕಾರಣ ನೆನಪಿಲ್ಲ.)

ಮೂವತ್ತು ವರ್ಷದಿಂದ ಈ ಊರಿನ ಕೂಸುಗಳಿಗೆ ಹೆಸರು ಹುಡುಕಿಕೊಡುತ್ತ ಬಂದವನು ನಾನು. ಪಂಚಾಂಗದವರು ಅಕ್ಷರ ಹೇಳಿದರೆ ಸಾಕು, ಮಿಕ್ಕದ್ದು ನನ್ನದು. ಜ್ಞಾನದೀಪಿಕಾ ನನ್ನದು. ಕೀರ್ತಿಪ್ರಕಾಶ ನನ್ನದು, ಅದೂ ಹನ್ನೊಂದು ಸಲ. ಎಪ್ಪತ್ತರ ದಶಕದಲ್ಲಿ ಈ ಊರಿಗೆ ‘ಕುಮಾರ್’ ತಂದವನೂ ನಾನೇ. ನನ್ನ ಗಮನಕ್ಕೆ ಬಾರದೆ ನಾಲ್ಕು ರಾಬಿನ್‌ಗಳು ಹುಟ್ಟಿ, ಬೆಳೆದು, ಬಳಪ ಹಿಡಿದು ಶಾಲೆಗೆ ಬಂದಿದ್ದಾರೆಂದರೆ ಇದು ಸಾಮಾನ್ಯ ಸಂಗತಿಯಲ್ಲ.

ಜಡೆಯ ರಾಬಿನ್ ಒಬ್ಬಳನ್ನು ಕರೆತಂದವಳು ಅವಳ ಅಜ್ಜಿ, ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ನಾಗಕ್ಕ.

“ನಾಗಕ್ಕ, ಇದು ಗಂಡಿನ ಹೆಸರೋ, ಹೆಣ್ಣಿನ ಹೆಸರೋ?”

“ಎರಡಕ್ಕೂ ಆಗ್ತೈತಂತೆ ಸಾ.”

“ನಾನು ಒಂದು ಹೆಸರು ಬರೆದುಕೊಟ್ಟಿದ್ದೆನಲ್ಲ, ದೀಕ್ಷಾಮಣಿ ಅಂತ?”

“ಅದೂ ಐತೆ ಸಾ. ತೊಟ್ಟಿಲಾಗೆ ನಮ್ಮತ್ತೆ ಹೆಸರು ಇಟ್ವಿ, ಅದೂ ಐತೆ. ಅವೆಲ್ಲ ಜ್ವಾಪಾನಾಗಿ ಎತ್ತಿಟ್ಟಿದೀವಿ. ಇದು ಕರ್ಯಾಕೆ.”

ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆಯ ಬಗ್ಗೆ ಹೇಳುವಂತೆ ಹೇಳಿದಳು. ಸಹಶಿಕ್ಷಕ ಜಂಪಣ್ಣ ಮೂಲೆಯಲ್ಲಿ ನಗುತ್ತಿದ್ದ. “ನಂಬರ್ ಹಾಕಾಣ ಮೇಷ್ಟ್ರೇ. ಒಂದನೇ ರಾಬಿನ್, ಎರಡನೇ ರಾಬಿನ್. ರಾಜರಿಗೆಲ್ಲ ಹಾಕಾದಿಲ್ವಾ?”

ಜಂಪಣ್ಣನಿಗೆ ಗಾಂಭೀರ್ಯ ಕಡಿಮೆ.

೮ ಜೂನ್, ಭಾನುವಾರ

ಸೊಸೆ ಮೇಘಶ್ರೀಯ ಸೀಮಂತ. ಏಳು ತಿಂಗಳು. ಆದಿವಾಲದಿಂದ ಬೀಗರು ಶಿವಕುಮಾರಪ್ಪನವರು ಮಗಳನ್ನು ಹೆರಿಗೆಗೆ ಕರೆದೊಯ್ಯಲು ಬಂದಿದ್ದರು. ಮಗ ಮೋಹನ್‌ಕುಮಾರ್ ಹಿರಿಯೂರಿನಿಂದ ರಜೆ ಹಾಕಿ ಬಂದಿದ್ದ. ಹಸಿರು ಬಳೆ, ಹೋಳಿಗೆ, ಎಲ್ಲ ಸುಸೂತ್ರ.

ಹೊರಡುವ ಹೊತ್ತಿಗೆ ಅವಳ ಚೀಲದಿಂದ ಒಂದು ಹಳದಿ ಕಾರ್ಡು ಜಾರಿ ಬಿತ್ತು. ನಮ್ಮೂರ ನರ್ಸಮ್ಮ ಬಸುರಿಯರಿಗೆ ಕೊಡುವ ಚುಚ್ಚುಮದ್ದಿನ ಕಾರ್ಡು. ಎತ್ತಿ ಕೊಡುವಾಗ ಕಣ್ಣಿಗೆ ಬಿತ್ತು. ತಾಯಿಯ ಹೆಸರು: ಮೇಘಶ್ರೀ. ಮಗುವಿನ ಹೆಸರು: ರಾಬಿನ್.

ಇನ್ನೂ ಹುಟ್ಟದ ನನ್ನ ಮೊಮ್ಮಗುವಿಗೆ!

“ಮಾವ, ಅದು ಸುಮ್ನೆ ಬರ್ದಿರಾದು,” ಎಂದಳು ಮೇಘ. ಆಮೇಲೆ ತಲೆ ತಗ್ಗಿಸಿ, “ಆದ್ರೆ ಚೆನ್ನಾಗೈತೆ, ಅಲ್ವಾ?”

ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಉತ್ತರ ಇಲ್ಲಿ ಬರೆಯುತ್ತೇನೆ. ಹೋದ ವರ್ಷ ಅವ್ವ ತೀರಿಕೊಳ್ಳುವ ಮುನ್ನ, ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಹೀಗೆ ಹೇಳಿದಳು: “ರುದ್ರ, ಮದುವೆಯಾಗಿ ಈ ಮನೆಗೆ ಬಂದ ಮ್ಯಾಲೆ ನನ್ನ ಹೆಸರು ಹಿಡ್ದು ಯಾರೂ ಕೂಗಿಲ್ಲ ಕಣಲೇ. ನಂಗೇ ಮರೆತೋದಂಗೈತೆ. ಮುಂದೆ ಹುಟ್ಟೋ ಕೂಸಿಗಾದ್ರೂ ಇಡು. ಈ ಮನೇಲಿ ಅದನ್ನ ಕೂಗ್ತಾ ಇರ್ಲಿ.” ನಾನು ಮಾತು ಕೊಟ್ಟೆ. ಹೆಣ್ಣಾದರೆ ಶಿವಗಂಗಾ. ಗಂಡಾದರೆ ಶಿವಗಂಗಾಧರ. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ.

೧೫ ಜೂನ್, ಭಾನುವಾರ

ಶತ್ರುವನ್ನು ಗೆಲ್ಲಬೇಕಾದರೆ ಅವನ ಮೂಲ ತಿಳಿಯಬೇಕು. ಬೆಳಿಗ್ಗೆ ಬಸ್ಸು ಹಿಡಿದು ಹೊಳಲ್ಕೆರೆ, ಅಲ್ಲಿಂದ ದುರ್ಗ. ಗ್ರಂಥಾಲಯದಲ್ಲಿ ದಿಂಬಿನಷ್ಟು ದಪ್ಪದ ಎರಡು ಇಂಗ್ಲಿಷ್ ಪುಸ್ತಕಗಳನ್ನು ಇಳಿಸಿಕೊಂಡು ಕೂತೆ. ಅಲ್ಲಿ ಕಂಡದ್ದನ್ನು ನಿಷ್ಪಕ್ಷಪಾತವಾಗಿ ಬರೆಯುತ್ತೇನೆ.

ರಾಬಿನ್ ಎಂಬುದು ಸ್ವತಂತ್ರ ಹೆಸರೇ ಅಲ್ಲ. ರಾಬರ್ಟ್ ಎಂಬುದನ್ನು ಮುದ್ದಿಗೆ ಹಾಗೆ ಕರೆದದ್ದು, ನಾವು ಬಸವರಾಜನನ್ನು ಬಸ್ಯಾ ಎಂದಂತೆ. ಫ್ರಾನ್ಸಿನ ಕಡೆಯಿಂದ ಇಂಗ್ಲೆಂಡಿಗೆ ಎಂಟುನೂರು ಒಂಬೈನೂರು ವರ್ಷದ ಹಿಂದೆ ಬಂತಂತೆ. ಮೊದಲು ಗಂಡಸರಿಗೆ ಮಾತ್ರ ಇತ್ತು. ಈ ಶತಮಾನದಲ್ಲಿ ಅಮೆರಿಕದ ಹೆಂಗಸರು ಅದನ್ನು ತಮಗೂ ತೆಗೆದುಕೊಂಡರು. ಹಕ್ಕಿಯಿಂದ ಮನುಷ್ಯನಿಗೆ ಬಂದ ಹೆಸರು ಎಂದು ನಾನು ತಿಳಿದಿದ್ದೆ. ತಪ್ಪು. ಕೆಂಪೆದೆಯ ಹಕ್ಕಿಯೊಂದಕ್ಕೆ ಅಲ್ಲಿನ ಜನ ಪ್ರೀತಿಯಿಂದ ಮನುಷ್ಯರ ಹೆಸರಿಟ್ಟರು, ಆಮೇಲೆ ಅದೇ ನಿಂತಿತು.

ರಾಬರ್ಟ್ ಎಂದರೆ ಹಳೆಯ ಜರ್ಮನ್ ಮಾತಿನಲ್ಲಿ ‘ಬೆಳಗುವ ಕೀರ್ತಿ’.

ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದೆ. ಬೆಳಗುವ ಕೀರ್ತಿ ಎಂದರೆ ಕೀರ್ತಿಪ್ರಕಾಶ. ಹನ್ನೊಂದು ಸಲ ನಾನೇ ಇಟ್ಟದ್ದು.

ಪುಸ್ತಕ ಎತ್ತಿಡುವವರು ನನ್ನ ಮುಖ ಕಂಡು ಹತ್ತಿರ ಬಂದರು. “ಹಕ್ಕಿ ಹುಡುಕ್ತಿದೀರಾ ಸಾರ್? ಅದರ ಬಳಗದ್ದು ನಮ್ಮ ಜೋಗಿಮಟ್ಟಿ ಕಾಡಿನಾಗೇ ಬೇಕಾದಷ್ಟು ಅವೆ. ಕಪ್ಪು ಬಿಳುಪು, ಬಾಲ ಎತ್ಕಂಡು ಓಡಾಡ್ತಾವಲ್ಲ, ಮಡಿವಾಳ ಹಕ್ಕಿ.” ಮಡಿವಾಳ! ಶರಣ ಮಾಚಿದೇವರ ಕುಲನಾಮ. ಶತ್ರು ಈ ಪ್ರಕಾರ ಎಲ್ಲ ಕಡೆಯಿಂದಲೂ ನೆಂಟನಾಗತೊಡಗಿದ್ದರಿಂದ ಎದ್ದು ಬಸ್ಸಿಗೆ ಬಂದೆ.

೨೧ ಜೂನ್, ಶನಿವಾರ

ನರ್ಸಮ್ಮ ಅನುಸೂಯಮ್ಮನವರನ್ನು ವಿಚಾರಣೆಗೆ ಒಳಪಡಿಸಿದೆ. ಅಂದರೆ, ಅವರ ಮನೆಗೆ ಹೋದೆ, ಅವರು ಕಾಫಿ ಕೊಟ್ಟರು.

“ನಾನೇನ್ ಮಾಡ್ಲಿ ಮೇಷ್ಟ್ರೇ? ಕೂಸು ಹುಟ್ಟಿದ್ ತಕ್ಷಣ ಚುಚ್ಚುಮದ್ದು ಹಾಕ್ಬೇಕು. ನಿಮ್ ಜನ ಹೆಸರಿಡಾದು ಮೂರು ತಿಂಗಳಿಗೆ. ಕಾರ್ಡಿನಾಗೆ ಆ ಜಾಗ ಖಾಲಿ ಬಿಟ್ರೆ ಮೇಲಿನೋರು ಬೈತಾರೆ. ಬಸುರಿದ್ದಾಗ್ಲೇ ತುಂಬಿಸ್ತೀನಿ. ಗಂಡೋ ಹೆಣ್ಣೋ ಯಾರಿಗ್ಗೊತ್ತು? ಎರಡಕ್ಕೂ ಆಗಂಥ ಒಂದು ಹೆಸರು ಬೇಕಾಗಿತ್ತು.”

“ರಾಬಿನ್ ಎಲ್ಲಿ ಸಿಕ್ಕಿತು?”

ಅವರು ಬಚ್ಚಲ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಬಿಳಿ ಸೀರೆಗೆ ಹಾಕುವ ನೀಲಿಯ ಡಬ್ಬಿ ಇತ್ತು. ಅದರ ಮೇಲೆ ಆ ಹೆಸರಿತ್ತು.

ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ ಎಲ್ಲ ಸುತ್ತಿ ಬಂದವನು ಆ ಡಬ್ಬಿಯನ್ನೇ ನೋಡುತ್ತ ಕೂತೆ.

“‘ಕೂಸು’ ಅಂತ ಬರೆಯಬಹುದಿತ್ತಲ್ಲ?”

“ಇಪ್ಪತ್ತು ಕಾರ್ಡಿನಾಗೂ ಕೂಸು ಅಂತಿದ್ರೆ ಗೊತ್ತಾಗ್ಬೇಕಲ್ಲ?”

“ಈಗ ಇಪ್ಪತ್ತು ಕಾರ್ಡಿನಲ್ಲೂ ರಾಬಿನ್ ಅಂತಿದೆಯಲ್ಲ ಅನುಸೂಯಮ್ಮ!”

“ಆದ್ರೆ ಕೂಸು ಹೆಸರಲ್ಲ, ಇದು ಹೆಸರು,” ಎಂದು ನನಗೇ ಪಾಠ ಹೇಳಿದರು. “ಹೆಸರಿಟ್ಟ ಮ್ಯಾಲೆ ಬಂದು ತಿದ್ದಿಸ್ಕಳ್ರಿ ಅಂತ ಎಲ್ಲರಿಗೂ ಹೇಳಿದ್ದೆ. ಕೆಲವರು ಬರ್ಲೇ ಇಲ್ಲ. ಯಾಕೆ ಅಂತ ನಿಮ್ ಮನೆಯೋರನ್ನೇ ಕೇಳ್ರಿ.”

ಮನೆಯವರನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

೩೦ ಜೂನ್

ಐದನೇ ರಾಬಿನ್ ದಾಖಲಾದ. ಚಡ್ಡಿ.

೧೩ ಆಗಸ್ಟ್, ಬುಧವಾರ

ಹೆಣ್ಣು! ಬೆಳಿಗ್ಗೆ ಎಂಟಕ್ಕೆ, ಹಿರಿಯೂರಿನ ಆಸ್ಪತ್ರೆಯಲ್ಲಿ. ಮೋಹನ ಫೋನ್ ಬೂತಿಗೆ ಸುದ್ದಿ ಮುಟ್ಟಿಸಿದ. ತಾಯಿ ಮಗು ಆರಾಮ. ಶಾಲೆಯಲ್ಲಿ ಸಕ್ಕರೆ ಹಂಚಿದೆ. ಐದು ರಾಬಿನ್‌ಗಳೂ ಎರಡೆರಡು ಸಲ ಕೈಯೊಡ್ಡಿದವು, ಕೊಟ್ಟೆ.

ಹೆಂಡತಿ ದಾಕ್ಷಾಯಿಣಿ ದೇವರ ಮುಂದೆ ದೀಪ ಹಚ್ಚಿ ಬಂದು ಕೇಳಿದಳು: “ಏನ್ರೀ, ಹೆಸರಿಂದು ಅದೇ ಹಟಾನಾ?”

ಹಟವಲ್ಲ, ಕೊಟ್ಟ ಮಾತು ಎಂದೆ. ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿ ಇತ್ತು.

೨೪ ಆಗಸ್ಟ್, ಭಾನುವಾರ

ಆದಿವಾಲಕ್ಕೆ ಹೋಗಿಬಂದೆವು. ಮಗುವಿಗೆ ಅವ್ವನದೇ ಹಣೆ. ಎತ್ತಿಕೊಂಡು “ಬಾ ನನ್ನವ್ವಾ, ಬಾ ತಾಯೀ” ಎಂದೆ. ನನ್ನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಬಸ್ಸು ತಪ್ಪಿತು. ಮುಂದಿನದಕ್ಕೆ ಬಂದೆವು.

ದಾಕ್ಷಾಯಿಣಿ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದಳು. ಅವಳ ಮೌನವೆಂದರೆ ದುರ್ಗದ ಕೋಟೆಯಿದ್ದ ಹಾಗೆ, ಏಳು ಸುತ್ತು. ನಾನು ಮೊದಲ ಬಾಗಿಲಲ್ಲೇ ನಿಂತೆ.

೫ ಅಕ್ಟೋಬರ್, ಭಾನುವಾರ

ನಾಮಕರಣಕ್ಕೆ ದಿನ ಗೊತ್ತಾಗಿದೆ, ನವೆಂಬರ್ ಒಂಬತ್ತು. ಶಾಲೆಯ ಡ್ರಾಯಿಂಗ್ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ‘ಚಿ. ಶಿವಗಂಗಾ’ ಎಂದು ಬರೆದು, ಸುತ್ತ ಬಳ್ಳಿ ಬಿಡಿಸಿ, ದಾಕ್ಷಾಯಿಣಿಗೆ ತೋರಿಸಿದೆ. ಓದು ಎಂದೆ.

“ಚಿ,” ಎಂದು ನಿಲ್ಲಿಸಿದಳು.

ನಿಜ, ಅವಳು ಅತ್ತೆಯ ಹೆಸರು ಹೇಳುವವಳಲ್ಲ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ. ಶಿವಗಂಗೆಯ ಬೆಟ್ಟ ಅವಳ ಬಾಯಲ್ಲಿ ‘ಅತ್ತೇರ ಬೆಟ್ಟ’. ನನ್ನ ದೆಸೆಯಿಂದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ‘ನಮ್ ಮನೆಯೋರ ದೇವ್ರು’. ತಿಪ್ಪೆ ಕೂಡ ‘ಗೊಬ್ಬರ ಹಾಕೋ ಜಾಗ’. ಇದು ನಮ್ಮ ಮನೆಗಳ ಮರ್ಯಾದೆ, ನನಗೆ ಇದರಲ್ಲಿ ಹೆಮ್ಮೆ ಇತ್ತು. ಆದರೆ ಇಂದು ಅವಳು ಹಾಳೆಯನ್ನು ಕೆಳಗಿಟ್ಟು ಎದುರಿಗೆ ಕೂತಳು.

“ರೀ, ನಾಳೆ ಕೂಸು ಅಂಬೆಗಾಲಿಟ್ಕಂಡು ಒಲೆ ಹತ್ರ ಹೋಗ್ತೈತೆ ಅನ್ಕಳ್ರಿ. ನಾನು ಏನಂತ ಕೂಗ್ಲಿ? ‘ಅತ್ತೇರೇ, ಬೆಂಕಿ ಐತೆ, ದಯವಿಟ್ಟು ಹಿಂದಕ್ಕೆ ಬರ್ರಿ’ ಅಂತಲಾ?”

ನಗು ಬಂತು. ತಡೆದುಕೊಂಡೆ.

“ನಗಬ್ಯಾಡ್ರಿ. ಮೊಮ್ಮಗಳನ್ನ ಹೆಸರು ಹಿಡ್ದು ಕರ್ಯಾ ಭಾಗ್ಯ ನಂಗಿಲ್ವಾ? ಒಂದು ಏಟು ಹೊಡ್ಯಂಗಿಲ್ಲ, ಒಂದು ಮಾತು ಬೈಯ್ಯಂಗಿಲ್ಲ. ಮೇಘಾನೂ ಬಾಯಿ ಬಿಡಂಗಿಲ್ಲ, ಅವಳಿಗೆ ಅಜ್ಜಿ ಅತ್ತೆ. ಊರಾಗೆ ಯಾರನ್ನ ಬೇಕಾದ್ರೂ ಕೇಳ್ರಿ. ಹಿರೇರ ಹೆಸರು ತೊಟ್ಟಿಲಾಗೇ ಉಳೀತೈತೆ. ಕಾರ್ಡಿನ ಹೆಸರನ್ನ ಯಾಕೆ ತಿದ್ದಿಸ್ಲಿಲ್ಲ ಅಂತ ನನ್ನನ್ನೇ ಕೇಳ್ರಿ ಅಂದಿದ್ರಂತಲ್ಲ ಅನುಸೂಯಮ್ಮ? ಇದಕ್ಕೇ. ಆ ಹೆಸರಿನ ಅತ್ತೆ ನಮ್ಮ ತಾಲೂಕಿನಾಗೆ ಯಾರಿಗೂ ಇಲ್ಲ! ಎಷ್ಟು ಬೇಕಾದ್ರೂ ಬೈಬೋದು.”

ನಾನು ಗ್ರಂಥಾಲಯದಲ್ಲಿ ಇಡೀ ದಿನ ಹುಡುಕಿದರೂ ಈ ಕಾರಣ ಆ ದಪ್ಪ ಪುಸ್ತಕಗಳಲ್ಲಿ ಇರಲಿಲ್ಲ.

“ಅವ್ವನಿಗೆ ಮಾತು ಕೊಟ್ಟಿದ್ದೇನೆ ಕಣೆ. ಹೆಸರು ಕೂಗ್ತಾ ಇರಬೇಕು ಅಂದಿದ್ದಳು.”

ದಾಕ್ಷಾಯಿಣಿ ಹಾಳೆಯನ್ನು ಸುರುಳಿ ಸುತ್ತಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: “ಆದಿವಾಲದಾಗೆ ಆ ಕೂಸನ್ನ ಎತ್ಕಂಡು ಏನಂದ್ರಿ? ‘ಅವ್ವಾ’ ಅಂದ್ರಿ. ನಾನು ‘ಅತ್ತೇರೇ’ ಅಂತೀನಿ. ಮೇಘ ‘ಅಜ್ಜಿ’ ಅಂತಾಳೆ. ಮತ್ತೆ ಕೂಗೋರು ಯಾರು? ಅವರಿಗೆ ಆಗಿದ್ದೇ ಈ ಕೂಸಿಗೂ ಆಗ್ತೈತೆ.”

ಇದಕ್ಕೆ ಸಮರ್ಪಕವಾದ ಉತ್ತರವಿದೆ. ನಾಳೆ ಬರೆಯುತ್ತೇನೆ.

೬ ಅಕ್ಟೋಬರ್

ಶಾಯಿ ಮುಗಿದಿದೆ.

೧೨ ಅಕ್ಟೋಬರ್, ಭಾನುವಾರ

ಶಾಯಿ ತಂದೆ. ಉತ್ತರದ ವಿಷಯ ಇನ್ನೊಮ್ಮೆ ನೋಡೋಣ. ಡ್ರಾಯಿಂಗ್ ಹಾಳೆಯ ಬಳ್ಳಿ ಚೆನ್ನಾಗಿ ಬಂದಿದೆ, ಅದನ್ನು ಬೀರುವಿನಲ್ಲಿ ಎತ್ತಿಟ್ಟೆ. ಜೋಪಾನವಾಗಿ.

ಇಂದು ನಾಗಕ್ಕನಿಂದ ಹೂವು ಕೊಳ್ಳುತ್ತಿದ್ದೆ. ಮೊಮ್ಮಗಳು ರಸ್ತೆ ದಾಟಲು ಓಡಿದಳು. “ಲೇ ರಾಬಿನ್, ನಿನ್ ಕಾಲ್ ಮುರ್ದಾಕ್ತೀನಿ, ಬಾರೇ ಇಲ್ಲಿ!” ಎಂದು ನಾಗಕ್ಕ ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡುವಂತೆ ಕೂಗಿದಳು. ಹುಡುಗಿ ತಕ್ಷಣ ವಾಪಸು ಬಂತು, ಲಾರಿ ಭರ್ರೆಂದು ಹೋಯಿತು. ತೊಟ್ಟಿಲ ಹೆಸರು ಹಿಡಿದು ಕರೆಯಬೇಕಾಗಿದ್ದರೆ ನಾಗಕ್ಕ ಮೊದಲು ತಲೆಯ ಮೇಲೆ ಸೆರಗು ಹೊದೆಯಬೇಕಿತ್ತು.

ಇದನ್ನು ಸುಮ್ಮನೆ ದಾಖಲಿಸುತ್ತಿದ್ದೇನೆ. ಇದರಿಂದ ಏನನ್ನೂ ಸಾಧಿಸುವ ಉದ್ದೇಶವಿಲ್ಲ.

೯ ನವೆಂಬರ್, ಭಾನುವಾರ

ನಾಮಕರಣ ಮುಗಿಯಿತು. ನಡೆದದ್ದು ಹೀಗೆ.

ಆದಿವಾಲದ ಮನೆಯ ತುಂಬ ನೆಂಟರು. ತೊಟ್ಟಿಲಿಗೆ ಸೇವಂತಿಗೆ ಹೂವು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಮಗಳು ಚಂದ್ರಕ್ಕ. ಹೊಸದುರ್ಗದಿಂದ ಹಿಂದಿನ ದಿನವೇ ಬಂದಿದ್ದಳು. ತೊಟ್ಟಿಲ ಬಳಿ ನಿಂತು “ಅಪ್ಪಾಜಿ, ಏನಂತ ಹೇಳ್ಲಿ?” ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ದಾಕ್ಷಾಯಿಣಿ ಮಾತ್ರ ನೋಡಲಿಲ್ಲ, ತೊಟ್ಟಿಲ ಹಗ್ಗ ನೋಡುತ್ತಿದ್ದಳು.

“ಬಲಗಿವಿಯಲ್ಲಿ ರಾಬಿನ್ ಅಂತ ಹೇಳು,” ಎಂದೆ. “ಎಡಗಿವಿಯಲ್ಲಿ ನಿಮ್ಮಜ್ಜಿಯ ಹೆಸರು.”

ಸೋದರತ್ತೆ ಬಾಗಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಎರಡು ಹೆಸರಾದ್ದರಿಂದ ಎರಡು ಸಲ ಗುದ್ದಿದರು. “ಒಂದೇ ಹೆಸರು ಇಟ್ಟಿದ್ರೆ ನನ್ ಬೆನ್ನು ಉಳೀತಿತ್ತು ಅಪ್ಪಾಜಿ,” ಎಂದು ಚಂದ್ರಕ್ಕ ಊಟದವರೆಗೂ ನರಳಿದಳು.

ಬೀಗರು ಶಿವಕುಮಾರಪ್ಪನವರಿಗೆ ಮಾತ್ರ ಅಸಮಾಧಾನ. “ಇದೇನ್ ಮೇಷ್ಟ್ರೇ, ನೀವು ತಿಳಿದೋರು! ನೀಲಿ ಡಬ್ಬಿ ಹೆಸರು ಕೂಸಿಗೆ ಇಡಾದಾ?”

ಅಜ್ಞಾನವನ್ನು ನಾನು ಸಹಿಸಲಾರೆ. ಎಲೆಯ ಮುಂದೆ ಕೂತಿದ್ದವನು ಅವರಿಗೆ ಎಲ್ಲ ವಿವರಿಸಿದೆ. ಒಂಬೈನೂರು ವರ್ಷದ ಇತಿಹಾಸ, ಬೆಳಗುವ ಕೀರ್ತಿ ಎಂಬ ಅರ್ಥ, ಗಂಡಿಗೂ ಹೆಣ್ಣಿಗೂ ಭೇದ ಮಾಡದ ಅದರ ದೊಡ್ಡ ಗುಣ, ಜೋಗಿಮಟ್ಟಿಯ ಮಡಿವಾಳ ಹಕ್ಕಿ, ಅದರಿಂದ ಮಾಚಿದೇವರು. ಅನ್ನ ಸಾರು ಬಂದು ಹೋಯಿತು, ನಾನು ಇನ್ನೂ ಮಾಚಿದೇವರಲ್ಲೇ ಇದ್ದೆ. ಕೊನೆಗೆ ಅವರು “ಆಯ್ತು ಬಿಡ್ರಿ, ಒಳ್ಳೇ ಹೆಸರೇ. ಊಟ ಮಾಡ್ರಿ,” ಎಂದು ಕೈ ಮುಗಿದರು.

ನಾನು ಆ ಹೆಸರಿನ ಪರವಾಗಿ ವಾದಿಸಿದೆ ಎಂದು ಮೋಹನ ಹೇಳಿಕೊಂಡು ತಿರುಗುತ್ತಿದ್ದಾನೆ. ಇದು ಸತ್ಯಕ್ಕೆ ದೂರ. ನಾನು ಮಾಹಿತಿ ಕೊಟ್ಟೆ, ಅಷ್ಟೇ.

ಅವ್ವನ ವಿಷಯ ಮಾತ್ರ ಬಸ್ಸಿನಲ್ಲಿ ಬರುವಾಗ ಕೊರೆಯಿತು. ಎಡಗಿವಿಯಲ್ಲಿ ಒಂದು ಸಲ. ಅಷ್ಟಕ್ಕೇ ಮುಗಿಯಿತೇ? ನಾನು ಮಾತಿಗೆ ತಪ್ಪಿದೆನೇ? ಬರೆಯಲು ಇಷ್ಟವಿಲ್ಲ.

೧೮ ಜನವರಿ ೧೯೯೮, ಭಾನುವಾರ

ರಾಬಿನ್ ಬಂದಳು! ಜೊತೆಗೆ ಅವಳ ತೊಟ್ಟಿಲು, ಮಣೆ, ಎಣ್ಣೆ ಬಾಟಲಿ, ಬಟ್ಟೆಯ ಎರಡು ಗಂಟು, ಮತ್ತು ಅವಳ ತಾಯಿ. ರಾಬಿನ್ ಮಗುಚಿಕೊಳ್ಳುತ್ತಾಳೆ. ರಾಬಿನ್ ನನ್ನ ಕನ್ನಡಕ ಕಿತ್ತಳು. ರಾಬಿನ್‌ಗೆ ನನ್ನ ಕೆಮ್ಮು ಎಂದರೆ ನಗು, ಆದ್ದರಿಂದ ಇಡೀ ಸಂಜೆ ಕೆಮ್ಮಿದೆ.

ಊರಿನ ನಿಂಗಪ್ಪ ಮಗನ ಕೂಸಿಗೆ ಹೆಸರು ಕೇಳಲು ಬಂದಿದ್ದ. ‘ಚ’ ಅಕ್ಷರ. ಪಂಚಾಂಗ ಬದಿಗಿಟ್ಟು ಮೊದಲು ಕೇಳಿದೆ: “ನಿಮ್ಮ ಮನೇಲಿ ಯಾರ್ಯಾರ ಹೆಸರು ಬಾಯಲ್ಲಿ ಹೇಳೋ ಹಾಗಿಲ್ಲ?” ಅವನ ಹೆಂಡತಿ ಬಾಗಿಲ ಹಿಂದಿನಿಂದ ದೊಡ್ಡ ಪಟ್ಟಿಯನ್ನೇ ಕೊಟ್ಟಳು. ಅದನ್ನೆಲ್ಲ ಬಿಟ್ಟು ‘ಚೇತನ್’ ಕೊಟ್ಟೆ. ಎದುರಿಗಿದ್ದ ಜಂಪಣ್ಣ ಹುಬ್ಬೇರಿಸಿದ. “ಇದು ಹೊಸಾ ಪದ್ಧತಿ ಅಲ್ವಾ ಮೇಷ್ಟ್ರೇ?” ಅಲ್ಲ. ನನ್ನ ಹಳೆಯ ಪದ್ಧತಿಯೇ. ಈಚೆಗೆ ಸ್ವಲ್ಪ ಮರೆತಿದ್ದೆ.

೧೪ ಫೆಬ್ರವರಿ, ಶನಿವಾರ

ಇಂದು ಬೆಳಗಿನ ಶಾಲೆ. ಹನ್ನೊಂದೂವರೆಗೇ ಮನೆಗೆ ಬಂದೆ. ಮೇಘ ಅಂಗಡಿಗೆ ಹೋಗಿದ್ದಳು. ಹಿತ್ತಿಲ ಬಚ್ಚಲಿನಿಂದ ಹೊಗೆ, ಸೀಗೆಪುಡಿಯ ವಾಸನೆ, ನೀರು ಸುರಿಯುವ ಸದ್ದು. ದಾಕ್ಷಾಯಿಣಿ ರಾಬಿನ್‌ಗೆ ಎಣ್ಣೆನೀರು ಹಾಕುತ್ತಿದ್ದಾಳೆಂದು ಒಳಗೆ ಹೋಗಬೇಕೆನ್ನುವಾಗ ಕೇಳಿಸಿತು.

“ಶಿವಗಂಗಮ್ಮಾ! ಸುಮ್ಕಿರ್ತೀಯೋ, ಇಲ್ವೋ?”

ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತೆ.

ದಾಕ್ಷಾಯಿಣಿ ಕಾಲು ಚಾಚಿ ಮಣೆಯ ಮೇಲೆ ಕೂತಿದ್ದಳು. ಅವಳ ಕಾಲ ಮೇಲೆ ಮಗು, ಎಣ್ಣೆಯಲ್ಲಿ ಮಿರಮಿರ ಮಿಂಚುತ್ತ, ಎರಡೂ ಕಾಲು ಬಡಿಯುತ್ತಿತ್ತು. ಚೊಂಬು ಎತ್ತಿ ಬೆನ್ನಿಗೆ ನೀರು ಹಾಕುತ್ತ ಅವಳು ಬೈಯುತ್ತಿದ್ದಳು.

“ಬಿಸಿ ಅಂತ ಕುಣೀತೀಯಾ? ನಾನು ಮದುವೆಯಾಗಿ ಬಂದ ವರ್ಷ ಮಾಗಿ ಚಳೀಲಿ ತಣ್ಣೀರಾಗೆ ಬಟ್ಟೆ ಒಗೆಸಿದ್ಯಲ್ಲ, ಆಗ ನೆಪ್ಪಾಗ್ಲಿಲ್ವಾ ಶಿವಗಂಗಮ್ಮ? ನನ್ ಸಾರಿಗೆ ಉಪ್ಪು ಕಮ್ಮಿ ಅಂತ ಬೀಗರ ಮುಂದೆ ಅಂದ್ಯಲ್ಲ? ಎಲ್ಲಿ, ಈಗ ಬಾಯಿ ತೆಗಿ ನೋಡಾಣ. ಒಂದು ಹಲ್ಲಾದ್ರೂ ಐತಾ?”

ಮಗು ಬಾಯಿ ತೆರೆದು ಕೇಕೆ ಹಾಕಿತು.

“ನಗ್ತೀಯಾ? ನಗು ನಗು. ಮೋಹನ ಹುಟ್ಟಿದಾಗ ನಂಗೆ ಮೂರು ತಿಂಗಳು ಹಿಂಗೇ ಎಣ್ಣೆನೀರು ಹಾಕಿದ್ದೂ ನೀನೇ ಅಲ್ವಾ. ಕೈ ನೋಯ್ತಾ ಇದ್ರೂ ಬಿಡ್ಲಿಲ್ಲ.” ಇನ್ನೊಂದು ಚೊಂಬು, ಮೆಲ್ಲಗೆ, ಹಣೆಗೆ ಅಂಗೈ ಅಡ್ಡ ಹಿಡಿದು. “ಶಿವಗಂಗೀ. ಏ ಶಿವಗಂಗೀ. ಕೇಳ್ತೈತಾ?”

ಅವ್ವ ಈ ಮನೆಯಲ್ಲಿ ಅರವತ್ತೆರಡು ವರ್ಷ ಬಾಳಿದಳು. ಅಪ್ಪ ‘ಇವಳೇ’ ಎಂದ, ನಾನು ಅವ್ವಾ ಎಂದೆ. ಅಷ್ಟು ವರ್ಷ ಈ ಗೋಡೆಗಳು ಒಂದು ಸಲವೂ ಕೇಳಿರದ ಹೆಸರನ್ನು ನಾನು ನಿಂತ ಐದು ನಿಮಿಷದಲ್ಲಿ ಎಷ್ಟು ಸಲ ಕೇಳಿದೆನೋ. ಅದೂ ಬೈಗುಳದ ಜೊತೆಗೆ. ಮಗು ಒಂದಕ್ಕೂ ಎದುರು ಮಾತಾಡಲಿಲ್ಲ. 

ನನ್ನ ಕನ್ನಡಕಕ್ಕೆ ಬಚ್ಚಲ ಹಬೆ ಕವಿದಿತ್ತು. ಒರೆಸಿಕೊಳ್ಳುವಾಗ ಚಪ್ಪಲಿ ಕೈಜಾರಿ ಬಿತ್ತು.

ದಾಕ್ಷಾಯಿಣಿ ತಿರುಗಿ ನೋಡಲಿಲ್ಲ. ಚೊಂಬು ಹಂಡೆಯಲ್ಲಿ ಅದ್ದಿ, ಮಗುವಿನ ಕಿವಿಯ ಬಳಿ ಬಾಗಿ ಹೇಳಿದಳು:

“ಶಿವಗಂಗಮ್ಮ, ಅಲ್ನೋಡು, ನಿನ್ ಮಗ ಕಳ್ಳನಂಗೆ ಬಾಗ್ಲ ಸಂದೀಲಿ ನಿಂತವ್ನೆ. ಟವೆಲ್ ತಗಂಡು ಒಳೀಕ್ ಬಾರ್ಲಾ ಅನ್ನು.”

ಮೂವತ್ತೈದು ವರ್ಷದಲ್ಲಿ ದಾಕ್ಷಾಯಿಣಿ ನನಗೆ ಏಕವಚನ ಬಳಸಿದ್ದು ಇದೇ ಮೊದಲು. ಆದರೆ ಅದು ಅವಳ ಮಾತಲ್ಲ, ಅವ್ವನ ಮಾತು. ಟವೆಲು ತೆಗೆದುಕೊಂಡು ಒಳಗೆ ಹೋದೆ.